ಕಾಗಕ್ಕನಿಗೆ ಬರೆ ಹಾಕಿದ್ದನ್ನು ಮಕ್ಕಳಿಗೆ ಹೇಳಬೇಕಾ, ಬಿಡಬೇಕಾ?

ರಾತ್ರಿಪಾಳಿ ಅಪ್ಪ · ಭಾನುವಾರ ರಾತ್ರಿ 10:52

ಒಂದು ಸಣ್ಣ ಪೇಚಿಗೆ ಸಿಕ್ಕಿಕೊಂಡಿದ್ದೇನೆ. ಮಕ್ಕಳಿರುವವರು, ಮೊಮ್ಮಕ್ಕಳಿರುವವರು ಸ್ವಲ್ಪ ಹೇಳಿ.

ಮಗಳಿಗೆ ಐದು ವರ್ಷ. ದಿನಾ ಮಲಗುವಾಗ ಕಥೆ ಬೇಕು. ನನಗೆ ನೆಟ್ಟಗೆ ಬರುವುದು ಒಂದೇ ಕಥೆ, ಕಾಗಕ್ಕ ಗುಬ್ಬಕ್ಕ. ಅಜ್ಜಿ ಹೇಳಿದ್ದು. ಕಾಗಕ್ಕಂದು ಸಗಣಿ ಮನೆ, ಗುಬ್ಬಕ್ಕಂದು ಕಲ್ಲಿನ ಮನೆ. ಧೋ ಅಂತ ಮಳೆ ಬಂದು ಕಾಗಕ್ಕನ ಮನೆ ಕೊಚ್ಚಿ ಹೋಗುತ್ತೆ. ನೆನೆದುಕೊಂಡು ಬಂದು ಬಾಗಿಲು ತಟ್ಟುತ್ತಾಳೆ. "ತಡಿ, ಮಗುಗೆ ಎಣ್ಣೆ ಹಚ್ತಿದೀನಿ." ಮತ್ತೆ ತಟ್ಟುತ್ತಾಳೆ. "ತಡಿ, ಮಗುಗೆ ನೀರು ಹುಯ್ತಿದೀನಿ." ಮತ್ತೆ. "ತಡಿ, ತೊಟ್ಟಿಲು ತೂಗ್ತಿದೀನಿ." ಕೊನೆಗೆ ಬಾಗಿಲು ತೆಗೆದು, "ಎಲ್ಲಿ ಮಲಗ್ತೀಯ? ಉಪ್ಪಿನ ಮೂಟೆ ಹತ್ರಾನಾ, ಹುಣಸೆಹಣ್ಣಿನ ಹತ್ರಾನಾ, ಕಡ್ಲೆ ಮೂಟೆ ಹತ್ರಾನಾ?" ಕಡ್ಲೆ ಮೂಟೆಯೇ ಬೇಕು ಅನ್ನುತ್ತಾಳೆ ಕಾಗಕ್ಕ. ರಾತ್ರಿಯೆಲ್ಲ ಕಟುಂ ಕುಟುಂ. "ಏನೇ ಅದು ಸದ್ದು?" "ತವರಿಂದ ತಂದ ಅಡಿಕೆ ಚೂರು, ಚಳಿಗೆ ಅಗೀತಿದೀನಿ." ಬೆಳಗ್ಗೆ ನೋಡಿದರೆ ಮೂಟೆ ಖಾಲಿ. ಗುಬ್ಬಕ್ಕ ಸಟ್ಟುಗ ಕಾಯಿಸಿ ಬರೆ ಎಳೆಯುತ್ತಾಳೆ. ಕಾಗಕ್ಕ ಕಾ ಕಾ ಅಂತ ಹಾರಿಹೋಗುತ್ತಾಳೆ. ಕಥೆ ಮುಗಿಯಿತು.

ನಾನು ಬರೆ ತೆಗೆದುಹಾಕಿದ್ದೆ. ನನ್ನ ಕಥೆಯಲ್ಲಿ ಕಾಗಕ್ಕ ಸಾರಿ ಕೇಳುತ್ತಾಳೆ, ಇಬ್ಬರೂ ಕೂತು ಉಪ್ಪಿಟ್ಟು ತಿನ್ನುತ್ತಾರೆ. ಆರು ತಿಂಗಳು ಹೀಗೇ ನಡೆಯಿತು. ಮೊನ್ನೆ ಅಮ್ಮ ಊರಿಂದ ಬಂದವರು ಪೂರ್ತಿ ಕಥೆ ಹೇಳಿಬಿಟ್ಟರು. ಬರೆ ಬಂದಾಗ ಮಗಳು ಎದ್ದು ಕೂತು ಚಪ್ಪಾಳೆ ತಟ್ಟಿದಳು. ಆಮೇಲೆ ನನ್ನ ಕಡೆ ತಿರುಗಿ, "ಅಪ್ಪ, ನಿಂಗೆ ಕಥೆ ಪೂರ್ತಿ ಬರಲ್ಲ ಅಲ್ವಾ?" ಅಂದಳು.

ಹೆಂಡತಿಗೆ ಇದು ಇಷ್ಟವಾಗಲಿಲ್ಲ. ಬಿಸಿ ಸಟ್ಟುಗ ಕಂಡು ಚಪ್ಪಾಳೆ ತಟ್ಟುವ ಮಗು ನಾಳೆ ಏನಾಗುತ್ತೆ ಅನ್ನುವುದು ಅವಳ ಚಿಂತೆ. ಅಮ್ಮ, "ನೀವೆಲ್ಲ ಇದೇ ಕೇಳಿ ಬೆಳೆದೋರು, ಯಾರಿಗೆ ಬರೆ ಹಾಕಿದ್ರಿ?" ಅಂತಾರೆ. ನಾನು ನಡುವೆ.

ಹುರಿಗಡಲೆ · ರಾತ್ರಿ 11:05

ಮೊದಲು ಒಂದು ತಿದ್ದುಪಡಿ. ನಮ್ಮ ಮನೆಯಲ್ಲಿ ಅದು ಕಡ್ಲೆ ಅಲ್ಲ, ಹುರಿಗಡಲೆ. ಹಸಿ ಕಡ್ಲೆ ಕಚ್ಚಿದರೆ ಕಾಗೆ ಕೊಕ್ಕು ಮುರಿಯುತ್ತೆ.

ಕುಂದಾನಗರಿ · ರಾತ್ರಿ 11:31

ನಾವು ಬೆಳಗಾವಿಯವರು. ಬಾಜೂ ಮನೆಯ ಮರಾಠಿ ಆಜಿ ಇದೇ ಕಥೆ ಹೇಳುತ್ತಿದ್ದಳು. ಅವರಲ್ಲಿ ಕಾಗೆಯ ಮನೆ ಶೇಣದ್ದು, ಗುಬ್ಬಿಯ ಮನೆ ಮೇಣದ್ದು. ಶೇಣ ಅಂದರೆ ಸಗಣಿ. ಮಳೆಗೆ ಸಗಣಿ ಕರಗುತ್ತೆ, ಮೇಣ ಕರಗಲ್ಲ. ಶೇಣ, ಮೇಣ. ಪ್ರಾಸ ಕೂಡುತ್ತೆ ನೋಡಿ, ಮಕ್ಕಳ ಬಾಯಿಗೆ ಅದೇ ಬೇಕು. ನಮ್ಮ ಮನೆಯ ಕನ್ನಡದ ಕಥೆಯಲ್ಲಿ ಕಲ್ಲಿನ ಮನೆಯಾಗಿ ಪ್ರಾಸ ಹೋಯಿತು, ಮನೆ ಮಾತ್ರ ಗಟ್ಟಿಯಾಯಿತು.

ನಮ್ಮ ಆಯಿ ಹೇಳುವಾಗ ಬರೆ ಇರಲಿಲ್ಲ. ಬಾಗಿಲು ತೆಗೆದ ಮೇಲೆ "ಚಳಿ ಆಗೇದ, ಹಂಚಿನ ಮ್ಯಾಲೆ ಕೂಡು" ಅಂತ ಗುಬ್ಬಿಯೇ ಕಾದ ಹಂಚು ತೋರಿಸುತ್ತಿತ್ತು. ಕಾಗೆ ಇನ್ನೂ ಏನೂ ಕದ್ದೇ ಇಲ್ಲ! ನಿಮ್ಮ ಗುಬ್ಬಕ್ಕ ವಾಸಿ.

ಎದುರುಮಾತು · ಸೋಮವಾರ ಬೆಳಗ್ಗೆ 7:14

ಬರೆಗಿಂತ ಮುಂಚಿನದರ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಸಗಣಿ ಮನೆಯವಳು ಕಪ್ಪು, ಕಳ್ಳಿ. ಕಲ್ಲಿನ ಮನೆಯವಳು ಚೊಕ್ಕ, ಬಾಣಂತಿ, ಮೂಟೆ ಮೂಟೆ ದವಸ ಇಟ್ಟವಳು. ಮನೆ ಬಿದ್ದುಹೋದವಳನ್ನು ಮಳೆಯಲ್ಲಿ ನಿಲ್ಲಿಸಿ ಎಣ್ಣೆ, ನೀರು, ತೊಟ್ಟಿಲು ಎಲ್ಲ ಮುಗಿಸಿ ಬಾಗಿಲು ತೆಗೀತಾಳೆ. ಒಂದು ತುತ್ತು ಹಾಕಿದಳಾ? ಇಲ್ಲ. ಹಸಿದವಳು ಕಡ್ಲೆ ತಿಂದರೆ ಬರೆ. ಇದನ್ನು ಹೇಳಿದವರು ಯಾರ ಮನೆಯ ಜಗಲಿ ಮೇಲೆ ಕೂತಿದ್ದರು ಅಂತ ಯೋಚಿಸಿ.

ಹುರಿಗಡಲೆ · ಬೆಳಗ್ಗೆ 7:40

ಸರ್, ಅದು ಗುಬ್ಬಿ.

ಎದುರುಮಾತು · ಬೆಳಗ್ಗೆ 7:43

ಗುಬ್ಬಿ ಮನೆಯಲ್ಲಿ ಹುಣಸೆಹಣ್ಣು ಯಾಕಿರುತ್ತೆ ಹಾಗಾದರೆ?

ಮಲೆನಾಡ ಮಳೆ · ಬೆಳಗ್ಗೆ 9:20

ಎದುರುಮಾತು ಅವರು ಹೇಳಿದ್ದರಲ್ಲಿ ನನಗೆ ಅರ್ಧ ಒಪ್ಪಿಗೆ. ಆದರೆ ಕೇಳುವ ಮಗು ಯಾವಾಗಲೂ ಗುಬ್ಬಕ್ಕನ ಪಕ್ಷವೇ ಅಂತ ಹೇಗೆ ಹೇಳುತ್ತೀರಿ? ನಾನು ಚಿಕ್ಕವಳಿದ್ದಾಗ ಕಾಗಕ್ಕನ ಪಕ್ಷ. ರಾತ್ರಿಯೆಲ್ಲ ಯಾರ ಕಾಟವೂ ಇಲ್ಲದೆ ಒಂದು ಮೂಟೆ ಕಡ್ಲೆ ತಿನ್ನುವುದು, ಕೇಳಿದರೆ ಅಡಿಕೆ ಅನ್ನುವುದು. ಇದಕ್ಕಿಂತ ಸುಖ ಇದೆಯಾ! ಕಟುಂ ಕುಟುಂ ಅನ್ನುವಾಗ ಅಜ್ಜಿ ಬೊಚ್ಚು ಬಾಯಲ್ಲಿ ಅಗಿದು ತೋರಿಸುತ್ತಿದ್ದರು. ನಮಗೆ ಕಥೆ ಅಂದರೆ ಆ ಸದ್ದೇ.

ಇನ್ನೊಂದು. ನಮ್ಮ ಮನೆಯಲ್ಲಿ ಹಗಲು ಕಥೆ ಹೇಳುವ ಹಾಗಿರಲಿಲ್ಲ. ಹೇಳಿದರೆ ದಾರಿಯಲ್ಲಿ ಹೋಗುವವರಿಗೆ ದಾರಿ ತಪ್ಪುತ್ತೆ ಅಂತ ಅಜ್ಜಿ. ಕೆಲಸದ ಹೊತ್ತಲ್ಲಿ ಪೀಡಿಸದಿರಲಿ ಅಂತ ಮಾಡಿದ ಉಪಾಯ ಅಂತ ಈಗ ಅನಿಸುತ್ತೆ. ರಾತ್ರಿಯಾದರೂ ಹೂಂಗುಟ್ಟಬೇಕಿತ್ತು. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ಕೊನೆಗೆ ಉಳಿದವಳು ನಾನೊಬ್ಬಳೇ ಆಗಿರುತ್ತಿದ್ದೆ, ತೂಕಡಿಸಿಕೊಂಡು ಹೂಂ, ಹೂಂ.

ಫುಲ್ಡಾ ದಂಡೆ · ಮಧ್ಯಾಹ್ನ 1:05

ನಾನಿರುವುದು ಜರ್ಮನಿಯ ಕಾಸೆಲ್‌ನಲ್ಲಿ, ಜನಪದ ಕಥೆಗಳನ್ನು ಕೂಡಿಸಿ ಪುಸ್ತಕ ಮಾಡಿದ ಗ್ರಿಮ್ ಸಹೋದರರು ಬಹುಕಾಲ ಇದ್ದ ಊರು. ಅವರ ಹೆಸರಿನ ಮ್ಯೂಸಿಯಂ 2015ರಲ್ಲಿ ತೆರೆಯಿತು. ಅವರು ತಮ್ಮದೇ ಪುಸ್ತಕದ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಗೀಚಿ, ತಿದ್ದಿ ಇಟ್ಟುಕೊಂಡಿದ್ದ ಪ್ರತಿಗಳು ಈ ಊರಿನಲ್ಲೇ ಇವೆ. ಯುನೆಸ್ಕೊ 2005ರಲ್ಲಿ ಅವನ್ನು ವಿಶ್ವದ ಸ್ಮರಣೆಯ ಪಟ್ಟಿಗೆ ಸೇರಿಸಿತು. ನಮ್ಮ ರಾತ್ರಿಪಾಳಿ ಅಪ್ಪ ಬಾಯಲ್ಲಿ ಮಾಡಿದ್ದನ್ನು ಅವರು ಪೆನ್ನಿನಲ್ಲಿ ಮಾಡಿದರು, ಅದೂ 45 ವರ್ಷ. ಮೊದಲ ಸಂಪುಟ ಬಂದದ್ದು 1812ರಲ್ಲಿ, ಏಳನೇ ಮುದ್ರಣ 1857ರಲ್ಲಿ.

ಅವರು ಏನನ್ನು ತೆಗೆದರು, ಏನನ್ನು ಉಳಿಸಿದರು ಅನ್ನುವುದು ಮಜಾ ಇದೆ. ಗೋಪುರದಲ್ಲಿ ಕೂಡಿಹಾಕಿದ ಉದ್ದ ಕೂದಲಿನ ರಪುನ್ಜೆಲ್, 1812ರ ಪುಸ್ತಕದಲ್ಲಿ, "ನನ್ನ ಬಟ್ಟೆ ಯಾಕೆ ಬಿಗಿಯಾಗುತ್ತಿದೆ?" ಅಂತ ಮುಗ್ಧವಾಗಿ ಕೇಳುತ್ತಾಳೆ. ರಾಜಕುಮಾರ ಬಂದುಹೋಗುತ್ತಿದ್ದ, ಹುಡುಗಿ ಬಸುರಿ. ಜನ ಗೊಣಗಿದರು, ಆ ಮಾತು ಹೋಯಿತು. ಆಮೇಲಿನ ಮುದ್ರಣಗಳಲ್ಲಿ, ರಾಜಕುಮಾರನಿಗಿಂತ ನೀನು ಯಾಕಿಷ್ಟು ಭಾರ ಅಂತ ಮುದುಕಿಯನ್ನು ಕೇಳಿ ಸಿಕ್ಕಿಬೀಳುತ್ತಾಳೆ.

ಆದರೆ ಹಿಂಸೆ? ಅದು ಕಡಿಮೆಯಾಗಲಿಲ್ಲ, ಕೆಲವು ಕಡೆ ಜಾಸ್ತಿಯೇ ಆಯಿತು. ಅವರ ಸಿಂಡ್ರೆಲ್ಲಾದಲ್ಲಿ ಅಕ್ಕಂದಿರು ಚಪ್ಪಲಿ ಹಿಡಿಸಲಿ ಅಂತ ಒಬ್ಬಳು ಕಾಲ್ಬೆರಳು, ಒಬ್ಬಳು ಹಿಮ್ಮಡಿ ಕತ್ತರಿಸಿಕೊಳ್ಳುತ್ತಾರೆ. ಪಾರಿವಾಳಗಳು ಅವರ ಕಣ್ಣು ಕುಕ್ಕುವುದು ಮೊದಲ ಮುದ್ರಣದಲ್ಲಿ ಇರಲೇ ಇಲ್ಲ, 1819ರಲ್ಲಿ ಸೇರಿಸಿದ್ದು. ಅದಕ್ಕೂ ನೂರಿಪ್ಪತ್ತು ವರ್ಷ ಹಿಂದೆ, 1697ರಲ್ಲಿ, ಫ್ರಾನ್ಸಿನ ಪೆರೋ ಬರೆದ ಸಿಂಡ್ರೆಲ್ಲಾ ಅಕ್ಕಂದಿರನ್ನು ಕ್ಷಮಿಸಿ ಮದುವೆ ಮಾಡಿಸುತ್ತಾಳೆ. ಹಳೆಯದೆಲ್ಲ ಕ್ರೂರ, ಹೊಸದೆಲ್ಲ ಮೆದು ಅನ್ನುವ ಲೆಕ್ಕ ಇಲ್ಲಿ ಕೂಡಲ್ಲ.

ಮತ್ತೆ, ಕಪ್ಪೆಗೆ ಮುತ್ತು ಕೊಟ್ಟಿದ್ದೂ ಗ್ರಿಮ್‌ನಲ್ಲಿ ಇಲ್ಲ. ಹುಡುಗಿ ಕಪ್ಪೆಯನ್ನು ಗೋಡೆಗೆ ಎತ್ತಿ ಬಡಿಯುತ್ತಾಳೆ. ಆಗ ಅದು ರಾಜಕುಮಾರ ಆಗುತ್ತೆ.

ಹುರಿಗಡಲೆ · ಮಧ್ಯಾಹ್ನ 1:22

ಇದು ಹೆಚ್ಚು ನಂಬುವ ಹಾಗಿದೆ.

ಫುಲ್ಡಾ ದಂಡೆ · ಮಧ್ಯಾಹ್ನ 1:30

ಒಂದು ಬಿಟ್ಟೆ. ಹಿಮಬಿಳುಪಿಯ, ಅಂದರೆ ಸ್ನೋ ವೈಟ್‌ನ, ಕಥೆಯಲ್ಲಿ ಅವಳನ್ನು ಕೊಲ್ಲಲು ಹೊರಡುವ ರಾಣಿ 1812ರಲ್ಲಿ ಮಲತಾಯಿ ಅಲ್ಲ, ಹೆತ್ತ ತಾಯಿ. 1819ರಲ್ಲಿ ಮಲತಾಯಿ ಆದಳು. ಮಕ್ಕಳನ್ನು ಕಾಡಿನಲ್ಲಿ ಬಿಟ್ಟುಬರುವ ಹ್ಯಾನ್ಸೆಲ್ ಗ್ರೆಟೆಲ್ ಕಥೆಯಲ್ಲೂ ಮೊದಲು ಸ್ವಂತ ಅಮ್ಮ, 1840ರ ಮುದ್ರಣದ ಹೊತ್ತಿಗೆ ಮಲತಾಯಿ. ತಾಯಿ ಹೀಗೆ ಮಾಡುತ್ತಾಳೆ ಅಂತ ಅಚ್ಚು ಹಾಕಲು ಅವರಿಗೆ ಮನಸ್ಸು ಬರಲಿಲ್ಲ.

ಎರಡನೇ ಅಮ್ಮ · ಸೋಮವಾರ ರಾತ್ರಿ 9:48

ನಾನು ಇಲ್ಲಿ ಓದುವವಳು, ಬರೆಯುವವಳಲ್ಲ. ಮೇಲಿನ ನಾಲ್ಕು ಸಾಲು ಮೂರು ಸಲ ಓದಿದೆ.

ನನ್ನ ಗಂಡನಿಗೆ ಇದು ಎರಡನೇ ಮದುವೆ. ನಾನು ಬಂದಾಗ ಮಗುವಿಗೆ ಮೂರು ವರ್ಷ. ಈಗ ಏಳು. ಮೊದಲು ಆಂಟಿ ಅನ್ನುತ್ತಿದ್ದಳು, ಆಮೇಲೆ ಅವಳೇ "ಅಮ್ಮಿ" ಅಂತ ಮಾಡಿಕೊಂಡಳು. ಹೋದ ವರ್ಷ ಶಾಲೆಯಲ್ಲಿ ಹಿಮಬಿಳುಪಿ ನಾಟಕ. ಇವಳು ಕುಳ್ಳರಲ್ಲಿ ಒಬ್ಬಳು, ಅಂಟಿಸಿದ ಗಡ್ಡ. ಮಾರನೇ ದಿನ ಬೆಳಗ್ಗೆ ಮೆಟ್ಟಿಲ ಮೇಲೆ ಕೂರಿಸಿಕೊಂಡು ಜಡೆ ಹಾಕುತ್ತಿದ್ದೆ. ಗಡ್ಡದ ಅಂಟು ಕೂದಲಿಗೆ ಹತ್ತಿ ಸಿಕ್ಕಾಗಿತ್ತು, ಬಾಚಣಿಗೆ ಎಳೆದರೆ ನೋವು. ಅವಳು ಸಿಟ್ಟಿನಲ್ಲಿ ಅಲ್ಲ, ಸುಮ್ನೆ ಗೊತ್ತಿಲ್ಲದ್ದನ್ನು ಕೇಳುವ ಹಾಗೆ ಕೇಳಿದಳು: "ಅಮ್ಮಿ, ನೀನು ಮಲತಾಯಿನಾ?"

ನಾನು ಹೂಂ ಅಂದೆ. ಇನ್ನೇನು ಹೇಳಲಿ? ಜಡೆ ಮುಗಿಸಿ ರಿಬ್ಬನ್ ಕಟ್ಟಿದೆ.

ರಾತ್ರಿ ಆ ಕಥೆಯನ್ನು ಪೂರ್ತಿ ಹುಡುಕಿ ಓದಿದೆ. ಸೇಬು ಎಲ್ಲರಿಗೂ ಗೊತ್ತು. ಸೇಬಿಗಿಂತ ಮುಂಚೆ ರಾಣಿ ಇನ್ನೆರಡು ಸಲ ಬರುತ್ತಾಳೆ. ಒಂದು ಸಲ ಎದೆಕಟ್ಟಿನ ದಾರ. ಇನ್ನೊಂದು ಸಲ ವಿಷದ ಬಾಚಣಿಗೆ, "ಬಾ, ತಲೆ ಬಾಚ್ತೀನಿ" ಅಂತ. ಅದನ್ನು ಓದಿ ಅಡುಗೆಮನೆಗೆ ಹೋಗಿ ಕೂತೆ.

ಪುಸ್ತಕ ಒಂದು ಕಡೆ ಇರಲಿ. ನಮ್ಮ ಭಾಷೆ ನೋಡಿ. ಪೇಪರ್ ತೆಗೆದರೆ ಮಲತಾಯಿ ಧೋರಣೆ. ಅನುದಾನ ಕೊಡದಿದ್ದರೆ ಮಲತಾಯಿ ಧೋರಣೆ, ರೈಲು ಬಿಡದಿದ್ದರೆ ಮಲತಾಯಿ ಧೋರಣೆ. ಟಿವಿಯಲ್ಲಿ ದೊಡ್ಡ ಅಕ್ಷರದಲ್ಲಿ ಓಡುತ್ತೆ. ಮಗು ಈಗ ಓದಲು ಕಲಿತಿದ್ದಾಳೆ, ಕೂಡಿಸಿ ಕೂಡಿಸಿ ಓದುತ್ತಾಳೆ. ನಾನು ಚಾನೆಲ್ ಬದಲಾಯಿಸುತ್ತೇನೆ.

ನೀವು ಬರೆ ಇರಬೇಕಾ ಬೇಡವಾ ಅಂತ ಕೇಳಿದಿರಿ. ಬರೆ ಇರಲಿ ಬಿಡಿ. ಯಾರ ಕೈಯಲ್ಲಿ ಸಟ್ಟುಗ ಕೊಡುತ್ತೀರಿ ಅನ್ನುವುದು ನೋಡಿ. ಇನ್ನೂರು ವರ್ಷದ ಹಿಂದೆ ಯಾರೋ ಇಬ್ಬರು ಅಣ್ಣತಮ್ಮ ಒಂದು ಪದ ತಿದ್ದಿದರು. ಅದು ನಮ್ಮ ಮನೆ ಮೆಟ್ಟಿಲವರೆಗೂ ಬಂತು.

ಕುಂದಾನಗರಿ · ರಾತ್ರಿ 10:02

ಅಕ್ಕಾ, ಹುಡುಗಿ ಆಮೇಲೆ ಏನಂದಳು?

ಎರಡನೇ ಅಮ್ಮ · ರಾತ್ರಿ 10:10

ಏನೂ ಇಲ್ಲ. "ಡಬ್ಬಿಗೆ ಏನು ಹಾಕಿದೀಯ?" ಅಂದಳು. ಚಿತ್ರಾನ್ನ ಅಂದೆ.

ಎದುರುಮಾತು · ರಾತ್ರಿ 10:25

ಮಲತಾಯಿ ಕಾಟ ಜರ್ಮನಿಯಿಂದ ಬಂದದ್ದೇನಲ್ಲ ಮೇಡಂ. ಸುನೀತಿ ಸುರುಚಿ, ಧ್ರುವನ ಕಥೆ ಇಲ್ಲೇ ಇತ್ತಲ್ಲ. ಅಪ್ಪನ ತೊಡೆಯಿಂದ ಇಳಿಸಿದ್ದು ಯಾರು? ಹೆರಿಗೆಯಲ್ಲಿ ಹೆಂಗಸರು ಸಾಯುತ್ತಿದ್ದ ಕಾಲ, ಎರಡನೇ ಮದುವೆ ಮಾಮೂಲು, ಆಸ್ತಿ ಯಾರಿಗೆ ಅನ್ನುವ ಜಗಳ ಮಾಮೂಲು. ಕಥೆಗೆ ಕಾರಣ ಇತ್ತು. ನಿಮ್ಮನ್ನು ಅಂದದ್ದಲ್ಲ.

ಜಾಜಿಮೊಗ್ಗು · ಮಂಗಳವಾರ ಬೆಳಗ್ಗೆ 6:30

ನಾನು ಮೈಸೂರು. ಮೂವತ್ತು ವರ್ಷ ಪ್ರೈಮರಿ ಶಾಲೆ ಟೀಚರು, ಈಗ ನಿವೃತ್ತಿ.

ಎದುರುಮಾತು ಹೇಳಿದ್ದು ಸರಿ, ನಮ್ಮಲ್ಲೂ ಮಲತಾಯಿ ಇದ್ದಾಳೆ. ಆದರೆ ಹೆಂಗಸರು ಹೆಂಗಸರಿಗೆ ಹೇಳಿಕೊಂಡ ಕನ್ನಡದ ಕಥೆಗಳಲ್ಲಿ ಭಯ ಎಷ್ಟೋ ಸಲ ಬೇರೆ ಕಡೆಯಿಂದ ಬರುತ್ತೆ. ಎ.ಕೆ. ರಾಮಾನುಜನ್ ನಮ್ಮ ಮೈಸೂರಿನವರೇ, 1929ರಲ್ಲಿ ಹುಟ್ಟಿದವರು. ಶಿಕಾಗೊಗೆ ಹೋಗುವ ಮೊದಲು ಕುಂದಾನಗರಿಯವರ ಊರಲ್ಲೇ ಮೇಷ್ಟರಾಗಿದ್ದರು, ಕಥೆ ಕೇಳಿ ಬರೆದುಕೊಳ್ಳುತ್ತಿದ್ದರು. ಅವರು ಹಂಚಿಯ ಕಥೆಯನ್ನು ಕನ್ನಡದ ಸಿಂಡ್ರೆಲ್ಲಾ ಅಂತ ಕರೆದರು. ಚಿನ್ನದ ಕೂದಲಿನ ಹುಡುಗಿ. ಅವಳ ರೂಪಕ್ಕೆ ಸ್ವಂತ ಅಣ್ಣನ ಕಣ್ಣೇ ಬೀಳುತ್ತೆ. ತಾಯಿಯೇ ಮಗಳ ಮುಖಕ್ಕೆ ಮಣ್ಣಿನ ಹಂಚಿನ ಮುಖವಾಡ ಮಾಡಿಸಿ, ಎಲ್ಲಾದರೂ ಹೋಗಿ ಬದುಕು ಅಂತ ಕಳಿಸುತ್ತಾಳೆ. ಹಾಗಾಗಿ ಅವಳು ಹಂಚಿ. ಸಾಹುಕಾರರ ಮನೆಯಲ್ಲಿ ಕೆಲಸಕ್ಕಿದ್ದು, ಆ ಮನೆಯ ಸೊಸೆಯೂ ಆಗುತ್ತಾಳೆ. ಅಷ್ಟಕ್ಕೆ ಮುಗಿಯಿತಾ? ಇಲ್ಲ. ಆಮೇಲೆ ಮನೆಗೆ ಬರುವ ಗುರು ಕಾಡುತ್ತಾನೆ. ಮಲತಾಯಿ ಎಲ್ಲೂ ಇಲ್ಲ. ಅಣ್ಣ, ಗುರು. ಕಾಯುವವಳು ತಾಯಿ.

ಸಿಂಡ್ರೆಲ್ಲಾ ಮದುವೆಗೆ ನಿಲ್ಲುತ್ತಾಳೆ, ನಮ್ಮವರ ಕಥೆಯಲ್ಲಿ ಮದುವೆ ಆದಮೇಲೆ ತಾಪತ್ರಯ ಶುರು. ರಾಮಾನುಜನ್ ಇದನ್ನು ಗುರುತಿಸಿ ಬರೆದರು. ನಮ್ಮ ಅಜ್ಜಿಗೆ ಇದನ್ನು ಯಾರೂ ಗುರುತಿಸಿ ಹೇಳಬೇಕಾಗಿರಲಿಲ್ಲ.

ಅಜ್ಜಿಯಿಂದ ನಾನು ಕೇಳಿದ್ದು ಹೂವಿನ ಮರವಾಗುವ ಹುಡುಗಿಯ ಕಥೆ. ಬಡವರ ಮಗಳು. ಎರಡು ಕೊಡ ನೀರು ತರಿಸುತ್ತಾಳೆ, ಉಗುರು ತಾಗಬಾರದು. ಒಂದು ಕೊಡ ಹುಯ್ದರೆ ಮರ, ಇನ್ನೊಂದು ಕೊಡ ಹುಯ್ದರೆ ಮತ್ತೆ ಹುಡುಗಿ. ಹೂ ಬಿಡಿಸುವವರು ಎಲೆ ಕೀಳಬಾರದು, ರೆಂಬೆ ಮುರಿಯಬಾರದು. ಅರಮನೆಗೆ ಸೊಸೆಯಾಗಿ ಹೋಗುತ್ತಾಳೆ. ನಾದಿನಿ ಗೆಳತಿಯರನ್ನೆಲ್ಲ ಸೇರಿಸಿ ತೋಟದಲ್ಲಿ ಮರವಾಗು ಅಂತ ಹಟ ಹಿಡಿದು, ಹೂವಿಗಾಗಿ ರೆಂಬೆ ಮುರಿದು, ನೀರನ್ನು ಅಡ್ಡಾದಿಡ್ಡಿ ಎರಚಿ ಓಡಿಹೋಗುತ್ತಾಳೆ. ಹುಡುಗಿ ಮರವೂ ಅಲ್ಲ, ಮನುಷ್ಯಳೂ ಅಲ್ಲ, ಕೈಕಾಲಿಲ್ಲದ ಮೋಟು. ಗಂಡ ಬೈರಾಗಿಯಾಗಿ ಊರೂರು ಅಲೆಯುತ್ತಾನೆ. ಕೊನೆಗೆ ಅವಳು ಸಿಕ್ಕಾಗ, ಮುರಿದ ರೆಂಬೆಗಳನ್ನು ಒಂದೊಂದಾಗಿ ಜೋಡಿಸಿ ನೀರು ಹುಯ್ಯುತ್ತಾನೆ.

ಇದನ್ನು ಅಜ್ಜಿ ಹೇಳುತ್ತಿದ್ದದ್ದು ರಾತ್ರಿಯಲ್ಲ. ಬೆಳಗ್ಗೆ ಜಾಜಿ ಬಿಡಿಸುವಾಗ, ನಮ್ಮ ಕೈಗೂ ಒಂದು ಪುಟ್ಟ ಬುಟ್ಟಿ ಕೊಟ್ಟು. "ಉಗುರು ತಾಗಿಸಬೇಡವೇ, ಯಾರ ಮನೆ ಹೆಣ್ಣೋ" ಅನ್ನುತ್ತಿದ್ದರು. ಮಲೆನಾಡ ಮಳೆಯವರ ಅಜ್ಜಿಗೆ ಗೊತ್ತಾಗಿದ್ದರೆ ಎಷ್ಟು ಜನ ದಾರಿ ತಪ್ಪಿದರೋ ಅನ್ನುತ್ತಿದ್ದರೇನೋ. ನನಗೆ ಎಪ್ಪತ್ತು ಹತ್ತಿರ ಬಂತು. ಈಗಲೂ ಹೂ ಬಿಡಿಸುವಾಗ ಬೆರಳ ತುದಿ ಮಾತ್ರ ತಾಗಿಸುತ್ತೇನೆ.

ಅಜ್ಜಿ ಆ ಮೋಟಿನ ಭಾಗ ಬಿಟ್ಟಿದ್ದರೆ ಇದು ನನ್ನ ಕೈಗೆ ಬರುತ್ತಿರಲಿಲ್ಲ. ಹಾಗಂತ ಶಾಲೆಯಲ್ಲಿ ಒಂದು ಮಗು ತೀರಾ ಹೆದರಿದಾಗ ನಾನೇ ಆ ಭಾಗ ಹಾರಿಸಿದ್ದೂ ಇದೆ. ಎದುರಿಗಿರುವ ಮಗುವಿನ ಮುಖ ನೋಡಿಕೊಂಡು ಹೇಳಬೇಕು. ಪುಸ್ತಕಕ್ಕೆ, ಟಿವಿಗೆ ಆ ಮುಖ ಕಾಣಲ್ಲ.

ಎರಡನೇ ಅಮ್ಮ, ಹಂಚಿಯ ಕಥೆ ಈಗ ಬೇಡ, ಮಗು ದೊಡ್ಡದಾಗಲಿ. ಹೂವಿನ ಮರದ್ದು ಹೇಳಿ ನೋಡಮ್ಮ.

ಮಲೆನಾಡ ಮಳೆ · ಬೆಳಗ್ಗೆ 8:15

ಟೀಚರ್, ಒಂದು ಸಂದೇಹ. ಇಂಥ ಕಥೆಗೆ ಕನ್ನಡದಲ್ಲಿ ಏನನ್ನಬೇಕು? ಪತ್ರಿಕೆಯವರು ಕಿನ್ನರಿ ಕಥೆ ಅನ್ನುತ್ತಾರೆ. ನಾನು ಕೇಳಿದ ಒಂದರಲ್ಲೂ ಕಿನ್ನರಿ ಬಂದಿಲ್ಲ.

ಜಾಜಿಮೊಗ್ಗು · ಬೆಳಗ್ಗೆ 8:50

ಅಜ್ಜಿ ಕಥೆ ಅನ್ನಿ, ಸಾಕು. ಅಡಗೂಲಜ್ಜಿ ಕಥೆ ಅಂತಲೂ ಇತ್ತು. ಪಟ್ಟಣಕ್ಕೆ ಬಂದ ರಾಜಕುಮಾರ ಇಳಿದುಕೊಳ್ಳುವುದು ಅವಳ ಮನೆಯಲ್ಲೇ. ಅಡುಗೆ ಮಾಡಿ ಹಾಕುವವಳು, ಊರ ಸುದ್ದಿಯೆಲ್ಲ ಗೊತ್ತಿರುವವಳು. ಈಗ ನಂಬಲಾಗದ ಮಾತಿಗೆ ಅಡಗೂಲಜ್ಜಿ ಕಥೆ ಅನ್ನುತ್ತೇವೆ. "ಕಾಗಕ್ಕ ಗುಬ್ಬಕ್ಕನ ಕಥೆ ಹೇಳಬೇಡ" ಅಂತ ಸಾಲಗಾರನನ್ನು ಬೈಯುತ್ತೇವೆ. ಅನ್ನ ಹಾಕಿದ ಮುದುಕಿಯ ಹೆಸರು ಸುಳ್ಳಿಗೆ ಅಂಟಿಕೊಂಡಿತು ನೋಡಿ.

ಫುಲ್ಡಾ ದಂಡೆ · ಮಧ್ಯಾಹ್ನ 12:40

ಇಲ್ಲಿನ ಕಥೆಗಳಲ್ಲೂ ಫೇರಿಗಳು ತೀರಾ ಕಡಿಮೆ. ಆ ಹೆಸರು 1690ರ ದಶಕದಲ್ಲಿ ಪ್ಯಾರಿಸ್‌ನ ಶ್ರೀಮಂತ ಹೆಂಗಸರ ಕೂಟಗಳಿಂದ ಬಂದದ್ದು. ಮಾದಾಂ ದೋಲ್ನುವಾ ಅನ್ನುವ ಲೇಖಕಿ ತಮ್ಮ ಪುಸ್ತಕಕ್ಕೆ ಇಟ್ಟ ಹೆಸರೇ ಫೇರಿಗಳ ಕಥೆಗಳು. ಅದೇ ಎಲ್ಲದಕ್ಕೂ ಅಂಟಿತು. ಗ್ರಿಮ್ ಸಹೋದರರಿಗೆ ಕಥೆ ಹೇಳಿದವರಲ್ಲೂ ಹಳ್ಳಿ ಮುದುಕಿಯರಿಗಿಂತ ಜಾಸ್ತಿ ಓದುಬರಹ ಬಲ್ಲ ಮನೆಯ ಹುಡುಗಿಯರು. ಇಲ್ಲಿಯೂ ಅಜ್ಜಿ ಹೆಸರಿಗೆ ಮಾತ್ರ.

ರಾತ್ರಿಪಾಳಿ ಅಪ್ಪ · ಬುಧವಾರ ರಾತ್ರಿ 11:20

ಎಲ್ಲರಿಗೂ ನಮಸ್ಕಾರ. ಎರಡು ದಿನ ಡ್ಯೂಟಿ, ಈಗ ಎಲ್ಲ ಓದಿದೆ. ಹೆಂಡತಿಗೂ ಓದಿಸಿದೆ. ಎರಡನೇ ಅಮ್ಮ ಅವರದ್ದು ಓದಿ ಅವಳು ಫೋನ್ ಮಡಿಲಲ್ಲಿಟ್ಟುಕೊಂಡು ಸುಮಾರು ಹೊತ್ತು ಕೂತಿದ್ದಳು.

ಇವತ್ತು ನಾನು ಸೋತೆ ಅಂತ ಒಪ್ಪಿಕೊಂಡು, "ನೀನೇ ಹೇಳು ಪುಟ್ಟಿ, ನಾವು ಹೂಂಗುಟ್ಟುತ್ತೇವೆ" ಅಂದೆ. ಶುರು ಮಾಡಿದಳು. ಸಗಣಿ ಮನೆ, ಮಳೆ, ಎಣ್ಣೆ, ನೀರು, ತೊಟ್ಟಿಲು, ಒಂದೂ ಬಿಡಲಿಲ್ಲ. ಕಟುಂ ಕುಟುಂ ಬಂತು. ಅಲ್ಲಿ ನಿಲ್ಲಿಸಿ ದನಿ ತಗ್ಗಿಸಿ, "ಮಗು ನಿದ್ದೆ ಮಾಡಿರ್ಲಿಲ್ಲ" ಅಂದಳು. ಯಾವ ಮಗು? "ಗುಬ್ಬಕ್ಕನ ಮಗು. ತೊಟ್ಟಿಲಲ್ಲಿ ಕಣ್ ಬಿಟ್ಕೊಂಡಿತ್ತು. ಕಾಗಕ್ಕ ಅದಕ್ಕೂ ಎರಡು ಕಡ್ಲೆ ಕೊಟ್ಲು. ಗುಬ್ಬಕ್ಕಂಗೆ ಹೇಳ್ಬೇಡ ಅಂದ್ಲು."

ಇಷ್ಟು ವರ್ಷ ಈ ಕಥೆ ಕೇಳಿದ್ದೇನೆ, ಹೇಳಿದ್ದೇನೆ. ಆ ಮನೆಯೊಳಗೆ ರಾತ್ರಿಯೆಲ್ಲ ಒಂದು ಮಗು ಇತ್ತು ಅನ್ನುವುದು ಒಮ್ಮೆಯೂ ತಲೆಗೆ ಬಂದಿರಲಿಲ್ಲ.

"ಹಾಗಾದ್ರೆ ಬೆಳಗ್ಗೆ ಬರೆ?" ಅಂತ ಹೆಂಡತಿ ಕೇಳಿದಳು. "ಹಾಕ್ತಾಳೆ. ಅಜ್ಜಿ ಹೇಳಿದ್ರಲ್ಲ." ಸ್ವಲ್ಪ ತಡೆದು, "ಮಗು ಅಳುತ್ತೆ. ಯಾಕೆ ಅಂತ ಗುಬ್ಬಕ್ಕಂಗೆ ಗೊತ್ತಾಗಲ್ಲ" ಅಂದಳು. ಆಮೇಲೆ ಗೋಡೆ ಕಡೆ ತಿರುಗಿ ಮಲಗಿದಳು.

ಎರಡನೇ ಅಮ್ಮ · ರಾತ್ರಿ 11:34

ನಾಳೆ ಇದನ್ನು ನಮ್ಮವಳಿಗೆ ಹೇಳುತ್ತೇನೆ. ನಿಮ್ಮ ಪುಟ್ಟಿಯ ಅಪ್ಪಣೆ ಇದೆ ತಾನೇ?

ಹುರಿಗಡಲೆ · ರಾತ್ರಿ 11:41

ಎಲ್ಲ ಸರಿ. ತೊಟ್ಟಿಲ ಮಗುಗೆ ಹಲ್ಲೆಲ್ಲಿ ಬಂತು, ಕಡ್ಲೆ ತಿನ್ನೋಕೆ?

ರಾತ್ರಿಪಾಳಿ ಅಪ್ಪ · ರಾತ್ರಿ 11:43

ಕೇಳಿದೆ. ಕಾಗಕ್ಕ ಅಗಿದು ಕೊಟ್ಟಳಂತೆ.